ಪುಟ್ಟ ಮಗುವಿನ ಜೊತೆ ಹಡಗು ಹತ್ತುವ ಮುನ್ನ

ತುಮಕೂರಿಗೂ ಸಮುದ್ರಕ್ಕೂ ಸಂಬಂಧವೇ ಇಲ್ಲ ಎನ್ನುವಂತಿಲ್ಲ. ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಕಡೆ ಓಡಾಡುವ ಕಂಟೇನರ್ ಲಾರಿಗಳನ್ನು ನಾವು ದಿನವೂ ನೋಡುತ್ತೇವೆ. ಆ ಉದ್ದನೆಯ ಕಬ್ಬಿಣದ ಪೆಟ್ಟಿಗೆಗಳನ್ನು ಮಾಡಿರುವುದೇ ಹಡಗಿಗೆ ಏರಿಸಲು. ಆದರೆ ಹಡಗು ಹತ್ತಿದ ಮನುಷ್ಯರು ನಮ್ಮ ಕಡೆ ಅಪರೂಪ. ಗುಬ್ಬಿ, ಕುಣಿಗಲ್ ಕಡೆಯ ನನ್ನ ವಯಸ್ಸಿನವರು ಧರ್ಮಸ್ಥಳ, ಉಡುಪಿ ಯಾತ್ರೆಗೆ ಹೋದಾಗ ಮಲ್ಪೆಯಲ್ಲಿ ಕಾಲು ನೆನೆಸಿಕೊಂಡು ಬಂದರೆ ಅಷ್ಟಕ್ಕೇ ಸಮುದ್ರ ಮುಗಿಯಿತು.

ಈಗ ಮಕ್ಕಳು, ಸೊಸೆಯಂದಿರು ಮೊಬೈಲಿನಲ್ಲಿ ಬಣ್ಣದ ಚಿತ್ರ ತೋರಿಸಿ, "ಈ ಸಲ ಕ್ರೂಸ್‌ಗೆ ಹೋಗೋಣ, ನೀವೂ ಬನ್ನಿ" ಎನ್ನುತ್ತಾರೆ. ನಮ್ಮ ಮನೆಯಲ್ಲೂ ಈ ಮಾತು ಬಂತು. ಮೊಮ್ಮಗಳಿಗೆ ನಾಲ್ಕು ವರ್ಷ, ನಮ್ಮ ಮನೆಯವರಿಗೆ ಮಂಡಿನೋವು, ಖರ್ಚಿನಲ್ಲಿ ಒಂದು ಪಾಲು ನನ್ನ ಉಳಿತಾಯದ್ದು. ಹಾಗಾಗಿ ಒಂದಷ್ಟು ದಿನ ಕುಳಿತು ವಿಷಯ ತಿಳಿದುಕೊಂಡೆ. ನನಗೆ ತೋರಿದ್ದು ಇಷ್ಟು: ಎಲ್ಲರೂ ಹಡಗನ್ನು ನೋಡಿ ಪ್ರವಾಸ ಆರಿಸುತ್ತಾರೆ. ಚಿಕ್ಕ ಮಗು ಇರುವ ಮನೆಯವರು ಮಗುವನ್ನು ನೋಡಿ ಆರಿಸಬೇಕು.

ಮಕ್ಕಳೇ, ಕ್ರೂಸ್ ಎಂದರೆ ತೇಲುವ ಹೋಟೆಲು. ಊಟ, ನಿದ್ದೆ, ಆಟ ಎಲ್ಲವೂ ಹಡಗಿನಲ್ಲೇ. ರಾತ್ರಿ ಮಲಗಿದಾಗ ಅದು ಚಲಿಸುತ್ತಿರುತ್ತದೆ, ಬೆಳಗ್ಗೆ ಏಳುವಷ್ಟರಲ್ಲಿ ಇನ್ನೊಂದು ಊರು ಬಂದಿರುತ್ತದೆ. 2021ರ ಸೆಪ್ಟೆಂಬರಿನಿಂದ ಮುಂಬೈ ಕಡೆಯಿಂದ ಕಾರ್ಡೀಲಿಯಾ ಸಂಸ್ಥೆಯ 'ಎಂಪ್ರೆಸ್' ಹಡಗು ಇಂಥ ಪ್ರವಾಸ ನಡೆಸುತ್ತಿದೆ. 1990ರಲ್ಲಿ ಕಟ್ಟಿದ ಹಡಗು, ಉದ್ದ ಸುಮಾರು 211 ಮೀಟರ್. ನಮ್ಮ ಸರ್ಕಾರಿ ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಹದಿನೇಳು ಹದಿನೆಂಟು ಬಸ್ಸು ಹಿಡಿಯುತ್ತವೆ. ಆದರೆ ವೇಗ ಕೇಳಿದರೆ ನೀವು ನಗುತ್ತೀರಿ. ಹಡಗಿನ ವೇಗವನ್ನು 'ನಾಟ್' ಎಂಬ ಅಳತೆಯಲ್ಲಿ ಹೇಳುತ್ತಾರೆ. ಗಂಟೆಗೆ ಒಂದು ನಾವಿಕ ಮೈಲಿ ಹೋದರೆ ಒಂದು ನಾಟ್. ಒಂದು ನಾವಿಕ ಮೈಲಿ ಎಂದರೆ 1,852 ಮೀಟರ್. ಹದಿನೈದು ನಾಟ್ ವೇಗದ ಹಡಗು ಗಂಟೆಗೆ ಎಷ್ಟು ಕಿಲೋಮೀಟರ್ ಹೋಯಿತು? ಲೆಕ್ಕ ಹಾಕಿ. ಇಪ್ಪತ್ತೆಂಟಕ್ಕಿಂತ ಸ್ವಲ್ಪ ಕಡಿಮೆ. ಗುಬ್ಬಿ ರಸ್ತೆಯ ಬಸ್ಸು ಅದಕ್ಕಿಂತ ಜೋರಾಗಿ ಹೋಗುತ್ತದೆ!

"ತಾತ, ಮಂಗಳೂರಿನಿಂದಲೇ ಹತ್ತಬಹುದಲ್ಲ?" ಎಂದು ಎದುರುಮನೆಯ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶದ ಪ್ರವಾಸಿ ಹಡಗುಗಳು ಬರುತ್ತವೆ. ಆದರೆ ಅವು ಬೆಳಗ್ಗೆ ಬಂದು ಸಂಜೆ ಹೋಗುವ ಅತಿಥಿಗಳು. ಅದರಲ್ಲಿರುವವರು ಇಳಿದು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ಗೋಕರ್ಣನಾಥ ದೇವಸ್ಥಾನ, ಪಿಲಿಕುಳ ನೋಡಿ ಮತ್ತೆ ಹತ್ತುತ್ತಾರೆ. ನಮ್ಮಂಥವರು ಹತ್ತಬೇಕೆಂದರೆ ಮುಂಬೈ ಅಥವಾ ಚೆನ್ನೈಗೇ ಹೋಗಬೇಕು, ಲಕ್ಷದ್ವೀಪಕ್ಕಾದರೆ ಕೊಚ್ಚಿಗೆ.

ಈ ಮೂರರಲ್ಲಿ ಯಾವುದು? ಮೊದಲು ಕೊಚ್ಚಿಯ ಮಾತು ಮುಗಿಸಿಬಿಡುತ್ತೇನೆ. ಲಕ್ಷದ್ವೀಪದ ಆಡಳಿತವೇ ಕೊಚ್ಚಿಯಿಂದ ಹಡಗು ಓಡಿಸುತ್ತದೆ, ಪ್ರವಾಸಿಗರಿಗೆ 'ಸಮುದ್ರಂ' ಎಂಬ ಏರ್ಪಾಡೂ ಇದೆ. ದ್ವೀಪಗಳು ಬಲು ಚೆಂದ. ಆದರೆ ಹವಳದ ದಿಬ್ಬಗಳ ಕಾರಣ ಬಹುತೇಕ ಕಡೆ ದೊಡ್ಡ ಹಡಗು ದಡದವರೆಗೆ ಹೋಗುವಂತಿಲ್ಲ. ದೂರದಲ್ಲೇ ಲಂಗರು ಹಾಕುತ್ತದೆ. ಅಲ್ಲಿಂದ ಏಳುತ್ತಾ ಬೀಳುತ್ತಾ ಇರುವ ಸಣ್ಣ ದೋಣಿಗೆ ಇಳಿಯಬೇಕು. ಗಟ್ಟಿಮುಟ್ಟಾದವರಿಗೆ ಅದೊಂದು ಮೋಜು. ಕಂಕುಳಲ್ಲಿ ಮಗು, ಹಿಂದೆ ಮಂಡಿನೋವಿನ ಅಜ್ಜಿ ಇದ್ದರೆ ಮೋಜಲ್ಲ. ಆ ದ್ವೀಪಗಳಿಗೆ ಕಾಲಿಡಲು ಪರವಾನಗಿ ಬೇರೆ ಬೇಕು. ಮೊಮ್ಮಗಳು ಹತ್ತು ವರ್ಷದವಳಾದ ಮೇಲೆ ಅವರಪ್ಪ ಕರೆದುಕೊಂಡು ಹೋಗಲಿ.

ಚೆನ್ನೈ ನಮಗೆ ಹತ್ತಿರ. ಬೆಂಗಳೂರಿನಿಂದ ವಂದೇ ಭಾರತ್ ರೈಲಿನಲ್ಲಿ ನಾಲ್ಕೂವರೆ ಗಂಟೆಯ ಆಸುಪಾಸು. ಅಲ್ಲಿಂದ ಶ್ರೀಲಂಕಾದ ಹಂಬನ್‌ತೋಟ, ಟ್ರಿಂಕೋಮಲಿಗೆ ಹಡಗು ಹೋಗಿ ಬಂದದ್ದುಂಟು. ಆದರೆ ಅದು ನಾಲ್ಕೈದು ರಾತ್ರಿಯ ಮಾತು, ಮೇಲಾಗಿ ಪರದೇಶ. ಹಸುಗೂಸಿಗೂ ಪಾಸ್‌ಪೋರ್ಟ್ ಬೇಕು. ಅಪ್ಪ ಅಮ್ಮಂದಿರ ಪಾಸ್‌ಪೋರ್ಟಿಗೆ ಹತ್ತು ವರ್ಷದ ಅವಧಿಯಾದರೆ ಚಿಕ್ಕ ಮಕ್ಕಳದ್ದಕ್ಕೆ ಐದೇ ವರ್ಷ ಎಂಬುದು ಅನೇಕರ ಗಮನಕ್ಕೆ ಬರುವುದಿಲ್ಲ. ಮುಂಬೈ ದೂರವಾದರೂ ಅಲ್ಲಿಂದ ಗೋವಾ ಕಡೆಗೆ ಎರಡು ಮೂರು ರಾತ್ರಿಯ ಪ್ರವಾಸ ಸಿಗುತ್ತದೆ. ದೇಶದೊಳಗಿನದಾದ್ದರಿಂದ ಗುರುತಿನ ಚೀಟಿ ಸಾಕು. ಮಗುವಿನ ಆಧಾರ್, ಜನನ ಪ್ರಮಾಣಪತ್ರ ಎರಡನ್ನೂ ಇಟ್ಟುಕೊಂಡರೆ ವಾದಕ್ಕೆ ಅವಕಾಶವಿಲ್ಲ.

ಮೊದಲ ಸಲಕ್ಕೆ ಎರಡು ಮೂರು ರಾತ್ರಿ ಸಾಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಗುವಿಗೆ ಹಿಡಿಸದಿದ್ದರೆ ಬಸ್ಸಿನಂತೆ "ಹೋಲ್ಡಾನ್" ಎಂದು ಇಳಿಯಲು ಆಗುವುದಿಲ್ಲ. ಕಡಿಮೆ ದಿನವಾದರೆ ಹೇಗೋ ಸಾಗುತ್ತದೆ. ಆರು ತಿಂಗಳೊಳಗಿನ ಕೂಸುಗಳನ್ನು ಜಗತ್ತಿನ ಬಹಳಷ್ಟು ಹಡಗು ಸಂಸ್ಥೆಗಳು ಹತ್ತಿಸಿಕೊಳ್ಳುವುದೇ ಇಲ್ಲ. ಹಡಗಿನ ಮಕ್ಕಳ ಆಟದ ಕೋಣೆಯಲ್ಲಿ ಒಂಟಿಯಾಗಿ ಬಿಟ್ಟು ಬರಲು ಸಾಮಾನ್ಯವಾಗಿ ಮೂರು ವರ್ಷವಾಗಿರಬೇಕು, ತಾನೇ ಬಚ್ಚಲಿಗೆ ಹೋಗಬೇಕೆಂದು ಹೇಳುವಷ್ಟು ಬುದ್ಧಿ ಬಂದಿರಬೇಕು. ಡಯಾಪರ್ ಹಾಕಿದ ಮಕ್ಕಳನ್ನು ಈಜುಕೊಳಕ್ಕೆ ಬಿಡುವುದಿಲ್ಲ ಎಂಬ ನಿಯಮ ಅನೇಕ ಹಡಗುಗಳಲ್ಲಿದೆ. ಚಿತ್ರದಲ್ಲಿ ನೀಲಿ ಕೊಳ ತೋರಿಸಿ ಮಗುವಿಗೆ ಆಸೆ ಹುಟ್ಟಿಸಿ, ಅಲ್ಲಿ ಹೋಗಿ "ಬೇಡ" ಎಂದರೆ ಹಡಗೆಲ್ಲಾ ಕೇಳುವಂತೆ ಅಳುತ್ತದೆ.

ಯಾವ ತಿಂಗಳು ಎನ್ನುವುದು ಯಾವ ಹಡಗು ಎನ್ನುವುದಕ್ಕಿಂತ ದೊಡ್ಡ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಬೀಸುವಾಗ ಅರಬ್ಬಿ ಸಮುದ್ರ ಕುದಿಯುವ ಹಂಡೆಯಂತಿರುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತದ ಕಾಲ. ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಪಶ್ಚಿಮ ಕರಾವಳಿ ಬಹುಮಟ್ಟಿಗೆ ಶಾಂತ. ಶಾಲೆಯ ರಜಾ ನೋಡಿ ದಿನ ಗೊತ್ತು ಮಾಡುವವರು ಇದನ್ನೂ ಪಂಚಾಂಗದಂತೆ ನೋಡಬೇಕು.

ಶಾಂತ ಸಮುದ್ರದಲ್ಲೂ ಕೆಲವರಿಗೆ ತಲೆ ಸುತ್ತಿ ವಾಂತಿಯಾಗುತ್ತದೆ. ನಮ್ಮ ಕಿವಿಯ ಒಳಗೆ ದೇಹದ ಸಮತೋಲ ನೋಡಿಕೊಳ್ಳುವ ಪುಟ್ಟ ಅಂಗವಿದೆ. ಅದು "ಅಲ್ಲಾಡುತ್ತಿದ್ದೇವೆ" ಎನ್ನುತ್ತದೆ. ಕೋಣೆಯ ಗೋಡೆ ನೋಡುತ್ತಿರುವ ಕಣ್ಣು "ಇಲ್ಲ, ಸುಮ್ಮನಿದ್ದೇವೆ" ಎನ್ನುತ್ತದೆ. ಇಬ್ಬರ ಜಗಳದಲ್ಲಿ ಹೊಟ್ಟೆ ಕೆಡುತ್ತದೆ. ಎರಡು ವರ್ಷದೊಳಗಿನ ಕೂಸುಗಳಿಗೆ ಈ ತೊಂದರೆ ಕಡಿಮೆ, ಎರಡರಿಂದ ಹನ್ನೆರಡರವರೆಗಿನ ಮಕ್ಕಳಿಗೆ ಹೆಚ್ಚು. ಬಯಲಿಗೆ ಬಂದು ದೂರದಲ್ಲಿ ಆಕಾಶ, ನೀರು ಸೇರುವ ಗೆರೆಯನ್ನು ನೋಡಿದರೆ ಕಡಿಮೆಯಾಗುತ್ತದೆ. ಮೊಬೈಲು ನೋಡಿದರೆ ಜಾಸ್ತಿಯಾಗುತ್ತದೆ. ಮಾತ್ರೆಯನ್ನು ಮಕ್ಕಳ ವೈದ್ಯರನ್ನು ಕೇಳದೆ ಕೊಡಬಾರದು.

ಇದಕ್ಕೊಂದು ಪರೀಕ್ಷೆ ನಮ್ಮ ರಾಜ್ಯದಲ್ಲೇ ಇದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹೋಗುತ್ತದೆ, ಮಳೆಗಾಲ ಬಿಟ್ಟು. ಅರ್ಧ ಗಂಟೆಯೊಳಗಿನ ದಾರಿ. ದ್ವೀಪದಲ್ಲಿ ಪೆನ್ಸಿಲುಗಳನ್ನು ಒತ್ತಾಗಿ ನಿಲ್ಲಿಸಿದಂಥ ಕಲ್ಲಿನ ಕಂಬಗಳಿವೆ. ಕೋಟ್ಯಂತರ ವರ್ಷಗಳ ಹಿಂದೆ ಲಾವಾರಸ ತಣ್ಣಗಾಗಿ ಬಿರಿದು ಆದದ್ದು. ಸಣ್ಣ ದೋಣಿ ದೊಡ್ಡ ಹಡಗಿಗಿಂತ ಹೆಚ್ಚೇ ಕುಲುಕುತ್ತದೆ. ಅಷ್ಟು ದೂರ ಮಗು ನಗುತ್ತಾ ಹೋಗಿಬಂದರೆ ಧೈರ್ಯವಾಗಿ ಟಿಕೆಟ್ ಮಾಡಿಸಬಹುದು. ಅಜ್ಜಿಯರಿಗೂ ಇದೇ ಪರೀಕ್ಷೆ.

ಕೋಣೆ ಆರಿಸುವಾಗ ತೊಟ್ಟಿಲನ್ನು ನೆನೆಸಿಕೊಳ್ಳಿ. ತೊಟ್ಟಿಲು ತೂಗಿದಾಗ ತಳ ಬಹಳ ದೂರ ಓಡಾಡುತ್ತದೆ, ಹಗ್ಗ ಕಟ್ಟಿದ ತೊಲೆಯ ಹತ್ತಿರ ಅಲುಗಾಟವೇ ಇಲ್ಲ. ಹಡಗಿನಲ್ಲಿ ಅಂಥ ಶಾಂತ ಜಾಗ ನಡುಭಾಗ, ಅದೂ ಕೆಳಗಿನ ಅಂತಸ್ತು. ಮೂತಿಯ ಕಡೆಯ, ತೀರಾ ಮೇಲಿನ ಕೋಣೆಗಳು ಹೆಚ್ಚು ತೂಗುತ್ತವೆ. ಕಿಟಕಿಯೇ ಇಲ್ಲದ ಒಳಕೋಣೆ ಅಗ್ಗ, ಬಾಲ್ಕನಿಯದ್ದು ದುಬಾರಿ. ಹತ್ತುವ ಬುದ್ಧಿಯ ಮಗುವಿರುವಾಗ ಬಾಲ್ಕನಿಗೆ ಹಣ ಕೊಟ್ಟು ಇಡೀ ದಿನ ಅದರ ಬಾಗಿಲು ಕಾಯುವ ಕೆಲಸ ಯಾಕೆ? ತೆರೆಯಲಾಗದ ಗಾಜಿನ ಕಿಟಕಿಯಿರುವ ಕೋಣೆ ನನಗೆ ಸರಿಯೆನಿಸಿತು. ಲಿಫ್ಟಿಗೆ ಹತ್ತಿರವಿರಬೇಕು, ಹಾಡು ಕುಣಿತದ ಸಭಾಂಗಣದ ಕೆಳಗಿರಬಾರದು.

ಹಣದ ವಿಷಯಕ್ಕೆ ಬಂದರೆ ಬ್ಯಾಂಕಿನ ಹಳೆಯ ಚಾಳಿ, ದೊಡ್ಡ ಅಕ್ಷರ ಬಿಟ್ಟು ಸಣ್ಣ ಅಕ್ಷರ ಓದುತ್ತೇನೆ. ಒಬ್ಬರಿಗೆ 20,000 ರೂಪಾಯಿ ಎಂದು ಜಾಹೀರಾತಿನಲ್ಲಿದೆ ಎಂದುಕೊಳ್ಳಿ. ಸಾಮಾನ್ಯವಾಗಿ ಅದು ಒಂದು ಕೋಣೆಯಲ್ಲಿ ಇಬ್ಬರಿದ್ದಾಗಿನ ದರ. ಐದು ಜನರ ಮನೆಗೆ ಒಂದು ಲಕ್ಷ ಎಂದು ಗುಣಿಸಿದರೆ ಲೆಕ್ಕ ಮುಗಿಯಲಿಲ್ಲ. ಬಂದರಿನ ಶುಲ್ಕ, ತೆರಿಗೆ, ಸಿಬ್ಬಂದಿಯ ಭಕ್ಷೀಸು ಸೇರಿದೆಯೇ ಕೇಳಬೇಕು. ಇಳಿದ ಊರಲ್ಲಿ ಸುತ್ತಾಡುವುದು ಬೇರೆ ಖರ್ಚು. ಹಡಗು ಯಾರಿಗೂ ಕಾಯುವುದಿಲ್ಲ, ಹೊರಡುವುದಕ್ಕೆ ಎಷ್ಟೋ ಮೊದಲೇ ಬಾಗಿಲು ಹಾಕುತ್ತಾರೆ. ಆದ್ದರಿಂದ ಹಿಂದಿನ ದಿನವೇ ಹೋಗಿ ವಸತಿಗೃಹದಲ್ಲಿರಬೇಕು, ಅದೂ ಖರ್ಚು. ಮಕ್ಕಳಿಗೆ ಹೊರಡುವ ಹಿಂದಿನ ದಿನವೇ ಜ್ವರ ಬರುವುದು ರೂಢಿ. ರದ್ದು ಮಾಡಿದರೆ ಎಷ್ಟು ವಾಪಸು ಎಂಬುದನ್ನು ಕಾಗದದಲ್ಲಿ ನೋಡದೆ ಹಣ ಕಟ್ಟಬೇಡಿ. ಹಡಗಿನ ವೈದ್ಯರಿಗೂ ಶುಲ್ಕವಿದೆ, ಪ್ರಯಾಣ ವಿಮೆ ಇರಲಿ. ಇನ್ನೊಂದು: ದಡ ದೂರವಾದ ಮೇಲೆ ಮೊಬೈಲು ಹಡಗಿನ ಉಪಗ್ರಹ ಸಂಪರ್ಕ ಹಿಡಿದುಕೊಂಡರೆ ಬಿಲ್ಲು ನೋಡಿ ಎದೆ ಒಡೆಯುತ್ತದೆ. ಏರೋಪ್ಲೇನ್ ಮೋಡಿಗೆ ಹಾಕಿ ಒಳಗಿಡಿ.

ಊಟಕ್ಕೆ ಕೊರತೆಯಿಲ್ಲ, ಸಸ್ಯಾಹಾರವೂ ಸಿಗುತ್ತದೆ. ತಟ್ಟೆ ಇಡ್ಲಿ ಕೇಳಬೇಡಿ. ರಾಗಿ ಸರಿ ತಿನ್ನುವ ಮಗುವಾದರೆ ಹಿಟ್ಟು ಒಯ್ಯಬಹುದೇ, ಬಿಸಿನೀರು ಕೋಣೆಗೇ ಕೊಡುತ್ತಾರೆಯೇ ಎಂದು ಮೊದಲೇ ವಿಚಾರಿಸಿ. ಒಂದೇ ಕಡೆ ನೂರಾರು ಜನ ತಿನ್ನುವ ಜಾಗವಾದ್ದರಿಂದ ವಾಂತಿಭೇದಿ ಬೇಗ ಹರಡುತ್ತದೆ. ಅದನ್ನು ತರುವ ನೊರೋವೈರಸ್ ಸ್ಯಾನಿಟೈಸರಿಗೆ ಅಷ್ಟಾಗಿ ಬಗ್ಗುವುದಿಲ್ಲ. ಸೋಪು, ನೀರು ಹಾಕಿ ತೊಳೆದರೆ ಹೋಗುತ್ತದೆ.

ಕೊನೆಗೆ, ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಸುರಕ್ಷತೆ. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಅದರಲ್ಲಿ ಎಲ್ಲರಿಗೂ ಸಾಲುವಷ್ಟು ರಕ್ಷಣಾ ದೋಣಿ ಇರಲಿಲ್ಲ. ಆ ದುಃಖದಿಂದ 1914ರಲ್ಲಿ ದೇಶಗಳು ಸೇರಿ ಸಮುದ್ರ ಸುರಕ್ಷತೆಯ ಒಪ್ಪಂದ ಮಾಡಿಕೊಂಡವು. 'ಸೋಲಾಸ್' ಎಂಬ ಹೆಸರಿನ ಅದು ತಿದ್ದುಪಡಿಯಾಗುತ್ತಾ ಇಂದಿಗೂ ನಡೆದಿದೆ. ಅದರ ಪ್ರಕಾರ ದೇಶದಿಂದ ದೇಶಕ್ಕೆ ಹೋಗುವ ಪ್ರಯಾಣಿಕ ಹಡಗಿನಲ್ಲಿ ಒಟ್ಟು ಪ್ರಯಾಣಿಕರ ಶೇಕಡಾ 10ರಷ್ಟಾದರೂ ಮಕ್ಕಳ ಅಳತೆಯ ಲೈಫ್ ಜಾಕೆಟ್ ಇರಬೇಕು, ಮಕ್ಕಳು ಹೆಚ್ಚಿದ್ದರೆ ಪ್ರತಿ ಮಗುವಿಗೊಂದು. ಪ್ರಯಾಣ 24 ಗಂಟೆ ಅಥವಾ ಅದಕ್ಕಿಂತ ಹೆಚ್ಚಾದರೆ ಹಸುಗೂಸುಗಳಿಗೂ ಒಂದೊಂದು ಬೇರೆ. ದೊಡ್ಡವರ ಜಾಕೆಟ್ಟು ಮಗುವಿನ ತಲೆಯಿಂದ ಜಾರಿಹೋಗುತ್ತದೆ. ಕೋಣೆ ಸೇರಿದ ಕೂಡಲೇ ಮಗುವಿನ ಜಾಕೆಟ್ ಎಲ್ಲಿ ಎಂದು ಕೇಳಿ, ತೊಡಿಸಿ ನೋಡಿ.

ಇಟಲಿಯ ಕೋಸ್ಟಾ ಕಾಂಕಾರ್ಡಿಯಾ ಹಡಗು 2012ರ ಜನವರಿ 13ರಂದು ಬಂಡೆಗೆ ತಾಗಿ 32 ಜನ ಸತ್ತರು. ಅಂದು ಹೊಸದಾಗಿ ಹತ್ತಿದ್ದ ನೂರಾರು ಜನರಿಗೆ ಅಪಾಯದ ತಾಲೀಮು ಆಗಿರಲಿಲ್ಲ, 24 ಗಂಟೆಯೊಳಗೆ ಮಾಡಿಸಿದರೆ ಸಾಕು ಎಂಬ ನಿಯಮವಿತ್ತು. 2015ರಿಂದ ಹಡಗು ಹೊರಡುವ ಮೊದಲೇ ಅಥವಾ ಹೊರಟ ತಕ್ಷಣವೇ ಮಾಡಿಸಬೇಕು. ಆಗ ಫೋಟೋ ತೆಗೆಯುತ್ತಾ ನಿಲ್ಲಬಾರದು. ಏಳು ಸಲ ಗಿಡ್ಡ ಕೂಗು, ಒಂದು ಸಲ ಉದ್ದ ಕೂಗು ಕೇಳಿದರೆ ಎಲ್ಲಿದ್ದರೂ ಗೊತ್ತಾದ ಜಾಗಕ್ಕೆ ಹೋಗಿ ಸೇರಬೇಕು.

ನಾವು ಜನವರಿಯಲ್ಲಿ ಮಲ್ಪೆ, ಅದು ಸರಿಹೋದರೆ ಫೆಬ್ರವರಿಯಲ್ಲಿ ಮುಂಬೈ ಎಂದು ನಿಶ್ಚಯ ಮಾಡಿದ್ದೇವೆ. ಮೊಮ್ಮಗಳಿಗೆ ಆ ಕೂಗನ್ನು ಹೇಳಿಕೊಟ್ಟಿದ್ದೇನೆ. ಈಗ ಹೊತ್ತಿಲ್ಲ ಗೊತ್ತಿಲ್ಲ, ಏಳು ಸಲ "ಪೋಂ", ಆಮೇಲೆ ಉಸಿರು ಮುಗಿಯುವ ತನಕ "ಪೋಂ...". ಅಜ್ಜಿ ಒಲೆ ಆರಿಸಿ ನಡುಮನೆಯ ಕಂಬದ ಹತ್ತಿರ ಬಂದು ನಿಲ್ಲಲೇಬೇಕು. ತಡವಾದರೆ ಬೈಯುತ್ತಾಳೆ.