ಆ ಷರತ್ತು ಈ ಕಾನೂನಿನದ್ದಲ್ಲ

ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡು, ಸರ್ಕಾರಿ ಕಚೇರಿಯಲ್ಲಿ ಮದುವೆ ನೋಂದಾಯಿಸದ ಹೆಂಗಸನ್ನು ಗಂಡ ಹೊಡೆದರೆ ಮಲೇಷ್ಯಾದ ಕಾನೂನು ಕೇಳುವುದಿಲ್ಲ ಎನ್ನುವವರಿದ್ದಾರೆ. ಆಕೆ ಅಲ್ಲಿನ ಪ್ರಜೆಯಲ್ಲದಿದ್ದರೆ ಬಾಯಿ ಬಿಡದಿರುವುದೇ ಒಳ್ಳೆಯದು, ಉಚಿತ ವಕೀಲರು ಸಿಗುವುದು ಕಡುಬಡವರಿಗೆ ಮಾತ್ರ, ಸಿಕ್ಕರೂ ಅವರು ಮನಸ್ಸಿಟ್ಟು ಕೆಲಸ ಮಾಡುವುದಿಲ್ಲ ಎಂಬ ಮಾತುಗಳೂ ಅದರ ಬೆನ್ನಿಗೇ ಬರುತ್ತವೆ. ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಂಥ ಕಡೆ ಇಂಥ ಮಾತಿಗೆ ತೂಕ ಹೆಚ್ಚು. ಇಟ್ಟಿಗೆ ಗೂಡುಗಳಿಂದ ಹೆಸರು ಪಡೆದು, ರೈಲ್ವೆ ಕೆಲಸಕ್ಕೆ ಬಂದ ದಕ್ಷಿಣ ಭಾರತೀಯರಿಂದ ಬೆಳೆದು, 2010ರಲ್ಲಿ ಅಧಿಕೃತವಾಗಿ ‘ಲಿಟಲ್ ಇಂಡಿಯಾ’ ಆದ ಬಡಾವಣೆ ಅದು. ಹೂವಿನಂಗಡಿ, ಸೀರೆ ಅಂಗಡಿ, ದೇವಸ್ಥಾನ ಎಲ್ಲವೂ ಕೂಗಳತೆಯಲ್ಲಿವೆ. ಅಲ್ಲಿ ನೆರೆಯವರ ಮಾತೇ ಎಷ್ಟೋ ಸಲ ಕಾನೂನಿನ ಮೊದಲ ಪಾಠ. ಆದರೆ ಈ ನಂಬಿಕೆಗಳು ಬರೀ ಸುಳ್ಳಿನಿಂದ ಹುಟ್ಟಿದವಲ್ಲ. ಒಂದೊಂದರ ಹಿಂದೆಯೂ ಯಾವುದೋ ಕಾನೂನಿನ ನಿಜವಾದ ಷರತ್ತು ಇದೆ. ಆ ಷರತ್ತನ್ನು ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಕಾನೂನಿಗೆ ಅಂಟಿಸಿದ್ದರಲ್ಲಿ ತಪ್ಪಾಗಿದೆ.

ಮದುವೆ ನೋಂದಣಿಯ ವಿಷಯವನ್ನೇ ನೋಡಿ. ಮುಸ್ಲಿಮೇತರರ ಮದುವೆ ಮತ್ತು ವಿಚ್ಛೇದನಕ್ಕೆ ಸಂಬಂಧಿಸಿದ 1976ರ ಕಾಯ್ದೆ 1982ರ ಮಾರ್ಚ್ 1ರಿಂದ ಜಾರಿಗೆ ಬಂತು. ಅದು ಬಹುಪತ್ನಿತ್ವವನ್ನು ನಿಲ್ಲಿಸಿತು, ನೋಂದಣಿಯನ್ನು ಕಡ್ಡಾಯ ಮಾಡಿತು. ಆದ್ದರಿಂದ ವಿಚ್ಛೇದನಕ್ಕೋ ಆಸ್ತಿಯ ಪಾಲಿಗೋ ಹೋದವರನ್ನು ಮೊದಲು ಕೇಳುವುದು ನೋಂದಣಿ ಪತ್ರವನ್ನೇ. ಅಷ್ಟು ನಿಜ. ಆದರೆ ಹೊಡೆತ, ಬೆದರಿಕೆಗಳಿಂದ ರಕ್ಷಣೆ ಕೊಡುವುದು ಬೇರೆಯೇ ಕಾನೂನು, 1994ರ ಕೌಟುಂಬಿಕ ಹಿಂಸಾಚಾರ ಕಾಯ್ದೆ. ಅದು ಮುಸ್ಲಿಮರಿಗೂ ಉಳಿದವರಿಗೂ ಒಂದೇ ರೀತಿ ಅನ್ವಯಿಸುತ್ತದೆ. ಆ ಕಾಯ್ದೆಯಲ್ಲಿ ಗಂಡ ಅಥವಾ ಹೆಂಡತಿ ಎಂದರೆ ನೋಂದಾಯಿತ ದಂಪತಿ ಮಾತ್ರವಲ್ಲ. ತಮ್ಮ ಧರ್ಮದ ಅಥವಾ ಸಂಪ್ರದಾಯದ ಪ್ರಕಾರ ಮದುವೆ ಶಾಸ್ತ್ರ ಮಾಡಿಕೊಂಡವರೂ ಅದರೊಳಗೆ ಬರುತ್ತಾರೆ, ಆ ಮದುವೆ ನೋಂದಣಿಯಾಗದಿದ್ದರೂ, ನೋಂದಣಿ ಮಾಡಲು ಬಾರದಂಥದ್ದಾಗಿದ್ದರೂ. ಹಾಗಾಗಿ ಹೆಂಗಸು ಉಪಯೋಗವಿಲ್ಲವೆಂದು ಬದಿಗಿಟ್ಟ ದೇವಸ್ಥಾನದ ರಸೀದಿ, ಧಾರೆಯ ಫೋಟೊ, ಮದುವೆಗೆ ಬಂದಿದ್ದವರ ಮಾತು, ಇವೆಲ್ಲ ಇಲ್ಲಿ ಕೆಲಸಕ್ಕೆ ಬರುತ್ತವೆ. ಈ ಕಾಯ್ದೆಗೂ ಮಿತಿಯಿದೆ: ಯಾವ ಶಾಸ್ತ್ರವೂ ಇಲ್ಲದೆ ಒಟ್ಟಿಗೆ ಬಾಳುತ್ತಿರುವವರು ಅದರೊಳಗೆ ಬರುವುದಿಲ್ಲ. ಭಾರತದ 2005ರ ಕಾಯ್ದೆ ಮದುವೆಯ ಸ್ವರೂಪದ ಸಂಬಂಧಗಳನ್ನೂ ಸೇರಿಸಿಕೊಂಡು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ.

ಪೊಲೀಸ್ ದೂರು ಕೊಡದೆ ಏನೂ ಆಗುವುದಿಲ್ಲ ಎಂಬುದೂ ಹೀಗೆಯೇ ಅರ್ಧ ಸತ್ಯ. ಮಲೇಷ್ಯಾದಲ್ಲಿ ಮಧ್ಯಂತರ ರಕ್ಷಣಾ ಆದೇಶ ಪೊಲೀಸ್ ತನಿಖೆಗೆ ಅಂಟಿಕೊಂಡಿದೆ. ಆದರೆ 2017ರ ತಿದ್ದುಪಡಿ ತುರ್ತು ರಕ್ಷಣಾ ಆದೇಶ ಎಂಬ ಹೊಸ ದಾರಿ ತೆರೆಯಿತು. ದೈಹಿಕ ಗಾಯವಾಗಿದ್ದರೆ, ಅಥವಾ ಆಗುತ್ತದೆಂಬ ಭಯ ಹುಟ್ಟಿಸಿದ್ದರೆ, ಸಮಾಜ ಕಲ್ಯಾಣ ಅಧಿಕಾರಿಯೇ ಅದನ್ನು ಕೊಡಬಹುದು. ಅರ್ಜಿ ಕೊಟ್ಟ ಎರಡು ಗಂಟೆಯೊಳಗೆ ಆದೇಶ ಬರಬೇಕು, 7 ದಿನ ಅದು ಜಾರಿಯಲ್ಲಿರುತ್ತದೆ. ಕೋರ್ಟಿನ ಮೆಟ್ಟಿಲು ಹತ್ತಬೇಕಿಲ್ಲ, ಮೊದಲು ಠಾಣೆಗೂ ಹೋಗಬೇಕಿಲ್ಲ. ಈ 7 ದಿನ ಸಣ್ಣ ಅವಧಿಯಂತೆ ಕಂಡೀತು. ಆದರೆ ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು, ದೂರು ಕೊಡುವುದೋ ಬೇಡವೋ ಎಂದು ಉಸಿರು ಬಿಟ್ಟು ಯೋಚಿಸಲು ಆಕೆಗೆ ಸಿಗುವ ಸಮಯ ಅದು. ಇಂಥ ಆದೇಶ ತಂದರೆ ಸಂಸಾರ ಒಡೆಯುತ್ತದೆ ಎಂದು ಹಿರಿಯರು ತಡೆಯುವುದುಂಟು. ರಕ್ಷಣಾ ಆದೇಶ ಮದುವೆಯನ್ನು ಮುಟ್ಟುವುದೇ ಇಲ್ಲ. ಹೊಡೆಯಬೇಡ ಎಂದಷ್ಟೇ ಅದು ಹೇಳುತ್ತದೆ. ಅಷ್ಟು ಹೇಳಿದ್ದಕ್ಕೇ ಸಂಸಾರ ಮುರಿದರೆ ಆ ದೋಷವನ್ನು ಕಾಗದದ ಮೇಲೆ ಹೊರಿಸುವುದು ಅನ್ಯಾಯ.

ಪೌರತ್ವದ ಗೊಂದಲವೂ ಒಂದು ನಿಜವಾದ ನಿಯಮದಿಂದಲೇ ಬಂದಿದೆ. ಬಂಧಿತರಿಗೆ ಉಚಿತವಾಗಿ ವಕೀಲರನ್ನು ಒದಗಿಸಲು 2011ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕಾನೂನು ನೆರವು ಪ್ರತಿಷ್ಠಾನ ಮಲೇಷ್ಯಾ ಪ್ರಜೆಗಳಿಗಾಗಿ ರೂಪಿಸಿದ ಯೋಜನೆ. ಕೌಟುಂಬಿಕ ಹಿಂಸಾಚಾರ ಕಾಯ್ದೆ ಮಾತ್ರ ಪಾಸ್‌ಪೋರ್ಟಿನ ಬಣ್ಣ ಕೇಳುವುದಿಲ್ಲ. ವಕೀಲರ ಪರಿಷತ್ತಿನ ಕಾನೂನು ನೆರವು ಕೇಂದ್ರಗಳೂ ವಲಸಿಗರ ಪ್ರಕರಣಗಳನ್ನು ಕೈಗೆತ್ತಿಕೊಂಡಿವೆ. ಹಾಗೆಂದು ಭಾರತದಿಂದ ಮದುವೆಯಾಗಿ ಹೋದವಳ ಹೆದರಿಕೆಯನ್ನು ಹಗುರವಾಗಿ ಕಾಣಬಾರದು. ಆಕೆಯ ವೀಸಾ ಗಂಡನ ಸಹಿಗೆ ಕಟ್ಟುಬಿದ್ದಿರಬಹುದು, ದೂರಿನ ಫಲ ಅಲ್ಲಿಗೂ ತಟ್ಟಬಹುದು. ಈ ಕಾರಣಕ್ಕೇ ಮೊದಲು ಬೇಕಾದದ್ದು ಸಲಹೆ, ಆಮೇಲೆ ದೂರು. ಉಚಿತ ಕಾನೂನು ಸೇವೆ ಎಂದರೆ ಕೋರ್ಟಿನಲ್ಲಿ ನಿಂತು ವಾದಿಸುವುದು ಮಾತ್ರವಲ್ಲ. ಯಾವ ಷರತ್ತು ಯಾವ ಕಾನೂನಿನದು ಎಂದು ಬಿಡಿಸಿ ಹೇಳುವ ಅರ್ಧ ಗಂಟೆಯೇ ಎಷ್ಟೋ ಸಲ ಅದರ ಅತಿ ಬೆಲೆಬಾಳುವ ಭಾಗ.

ಆದಾಯದ ವಿಷಯಕ್ಕೆ ಬಂದರೆ ನಮ್ಮವರ ಗೊಂದಲ ಇನ್ನೂ ದೊಡ್ಡದು. ಮಲೇಷ್ಯಾದ ಸರ್ಕಾರಿ ಕಾನೂನು ನೆರವು ಇಲಾಖೆ 1971ರ ಕಾಯ್ದೆಯಂತೆ ಆದಾಯ ನೋಡಿಯೇ ನೆರವು ಕೊಡುತ್ತದೆ. ಕರ್ನಾಟಕದಲ್ಲಿ ಹಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಮಹಿಳೆಯರನ್ನೂ ಮಕ್ಕಳನ್ನೂ ಯಾವ ಆದಾಯ ಮಿತಿಯೂ ಇಲ್ಲದೆ ಉಚಿತ ಸೇವೆಗೆ ಅರ್ಹರೆಂದು ಹೇಳುತ್ತದೆ. ಸಂಬಳವಿದ್ದರೂ, ಗಂಡನ ಹೆಸರಿನಲ್ಲಿ ಸೈಟಿದ್ದರೂ ಅಡ್ಡಿಯಿಲ್ಲ. ಆದರೂ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವೆಗಳ ಸಮಿತಿಗೆ ಬಿಪಿಎಲ್ ಕಾರ್ಡಿಲ್ಲವೆಂದು ಹೋಗದವರಿದ್ದಾರೆ. ರೇಷನ್ ಅಂಗಡಿಯ ಷರತ್ತು ಕೋರ್ಟಿನವರೆಗೂ ಹಿಂಬಾಲಿಸಿಕೊಂಡು ಬಂದಿದೆ!

ಬಿಟ್ಟಿ ವಕೀಲರು ಬೇಜವಾಬ್ದಾರಿಯವರು ಎಂಬ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕಲಾರೆ. ಗೌರವಧನ ಕಡಿಮೆ, ಕೆಲವು ಕಡೆ ತಡವೂ ಆಗುತ್ತದೆ. ಆದರೆ ಹಣ ಕೊಟ್ಟ ವಕೀಲರೂ ವಾಯಿದೆ ಮೇಲೆ ವಾಯಿದೆ ಪಡೆಯುವುದನ್ನು ನಾವು ಕಂಡಿಲ್ಲವೇ? ಇಲ್ಲಿ ಕೇಳುವವರು ಒಬ್ಬರಾದರೂ ಇದ್ದಾರೆ. ಭಾರತದಲ್ಲಿ 2010ರ ನಿಯಮಗಳ ಪ್ರಕಾರ ಉಚಿತ ಸೇವೆಯ ಪ್ರಕರಣಗಳ ಮೇಲೆ ನಿಗಾ ಇಡಲು ಸಮಿತಿಗಳಿವೆ, ವಕೀಲರು ಸರಿಯಿಲ್ಲವೆನಿಸಿದರೆ ಪ್ರಾಧಿಕಾರಕ್ಕೇ ದೂರು ಕೊಡಬಹುದು. ಮಲೇಷ್ಯಾದಲ್ಲಿ ಪ್ರತಿಯೊಬ್ಬ ವಕೀಲರೂ ವರ್ಷಕ್ಕೆ 100 ರಿಂಗಿಟ್ ಕಾನೂನು ನೆರವಿನ ನಿಧಿಗೆ ಕೊಡುತ್ತಾರೆ. ಇದನ್ನು ಭಿಕ್ಷೆ ಎನ್ನಲಾಗದು, ವೃತ್ತಿಯೇ ತನ್ನ ಮೇಲೆ ಹಾಕಿಕೊಂಡ ಹೊಣೆ.

ತಿಳಿದುಕೊಳ್ಳುವುದು ಆ ಹೆಂಗಸರದೇ ಜವಾಬ್ದಾರಿ ಎನ್ನುವವರಿಗೆ ಭಾರತದ ಸುಪ್ರೀಂ ಕೋರ್ಟ್ 1986ರಲ್ಲೇ ಉತ್ತರ ಕೊಟ್ಟಿದೆ. ಸುಕ್ ದಾಸ್ ಪ್ರಕರಣದಲ್ಲಿ ಆರೋಪಿಗೆ ಉಚಿತ ವಕೀಲರ ಹಕ್ಕಿದೆ ಎಂದು ಯಾರೂ ತಿಳಿಸಿರಲಿಲ್ಲ. ಅವನು ಕೇಳಲಿಲ್ಲ ಎಂಬ ವಾದವನ್ನು ಒಪ್ಪದೆ ನ್ಯಾಯಾಲಯ ಶಿಕ್ಷೆಯನ್ನೇ ರದ್ದು ಮಾಡಿತು. ಭಾರತದ 2005ರ ಕೌಟುಂಬಿಕ ಹಿಂಸಾಚಾರ ಕಾಯ್ದೆಯ 5ನೇ ಕಲಂ ಕೂಡ, ಉಚಿತ ಕಾನೂನು ಸೇವೆಯ ಹಕ್ಕನ್ನು ನೊಂದ ಮಹಿಳೆಗೆ ತಿಳಿಸುವ ಕೆಲಸವನ್ನು ಪೊಲೀಸರ ಮತ್ತು ಸಂರಕ್ಷಣಾ ಅಧಿಕಾರಿಯ ಮೇಲೆ ಹಾಕಿದೆ. ಆದ್ದರಿಂದ ಗೊತ್ತಿಲ್ಲದಿರುವುದು ಆಕೆಯ ತಪ್ಪಲ್ಲ. ಇನ್ನು, ಆದೇಶ ಸಿಕ್ಕರೂ ರಾತ್ರಿ ಮಲಗಲು ಜಾಗ ಬೇಡವೇ ಎಂಬ ಪ್ರಶ್ನೆಗೆ ಕಾನೂನೊಂದರಲ್ಲೇ ಉತ್ತರವಿಲ್ಲ, ಆಶ್ರಯ ಬೇಕೇ ಬೇಕು. ಮಲೇಷ್ಯಾದ ವಿಮೆನ್ಸ್ ಏಡ್ ಆರ್ಗನೈಸೇಷನ್ 1982ರಿಂದ ಅಂಥ ಆಶ್ರಯ ನಡೆಸುತ್ತಿದೆ. ನಮ್ಮಲ್ಲಿ ಸಖಿ ಕೇಂದ್ರಗಳಿವೆ.

ನಿಮ್ಮ ಮನೆಗೆಲಸಕ್ಕೆ ಬರುವವರಿಗೆ, ಪಕ್ಕದ ಮನೆಯವರಿಗೆ, ಮದುವೆಯಾಗಿ ಹೊರದೇಶಕ್ಕೆ ಹೋದ ಹುಡುಗಿಗೆ ಎರಡು ಸಂಖ್ಯೆಗಳನ್ನು ಬರೆದು ಕೊಡಿ: ಮಲೇಷ್ಯಾದ ಸರ್ಕಾರಿ ಸಹಾಯವಾಣಿ 15999, ಭಾರತದ ಕಾನೂನು ಸೇವೆಗಳ ಸಹಾಯವಾಣಿ 15100. ತನಗೆ ಹಕ್ಕಿಲ್ಲ ಎಂದು ಆಕೆ ತಾನೇ ತೀರ್ಮಾನಿಸುವ ಮೊದಲು ಒಮ್ಮೆ ಕರೆ ಮಾಡಿ ಕೇಳಲಿ.