ಎಡಗಡೆ ಹಾಸಿಗೆ, ಬಲಗಡೆ ಸ್ಟೇರಿಂಗು

ಒಬ್ಬರೇ ಊರು ಸುತ್ತುವವರಿಗೆ ಕಾರಿನ ಎಡ ಅರ್ಧ ಸಾಕು. ರಾತ್ರಿ ಡ್ರೈವರ್ ಸೀಟಿನ ಮೇಲೆ ನಾನು ಒಂದು ಟವೆಲ್ಲನ್ನೂ ಇಡುವುದಿಲ್ಲ. ಜಾಗ ಸರಿಯಿಲ್ಲ ಅನ್ನಿಸಿದರೆ ಬಾಗಿಲು ತೆಗೆಯದೆ ಒಳಗಿಂದಲೇ ಆ ಸೀಟಿಗೆ ದಾಟಿ ಹೊರಟುಬಿಡಬೇಕು. ಅದಕ್ಕೇ ಕಾರಿನ ಮೂತಿ ರಸ್ತೆ ಕಡೆಗೆ, ಕೀ ಯಾವಾಗಲೂ ಒಂದೇ ಜಾಗದಲ್ಲಿ.

ನನ್ನದು ಹಳೇ ವ್ಯಾಗನ್ ಆರ್. ಹಿಂದಿನ ಸೀಟಿನ ಎಡಭಾಗ ಬೇರೆಯಾಗಿ ಮಡಚುವ ಮಾಡೆಲ್. ಅದನ್ನು ಮಡಚಿ, ಮುಂದಿನ ಎಡ ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿದರೆ ಡಿಕ್ಕಿಯವರೆಗೆ ನನ್ನಂಥ ಕುಳ್ಳಿ ಕಾಲು ಚಾಚುವಷ್ಟು ಜಾಗ. ಉದ್ದನೆಯವರು ಮೊದಲು ಟೇಪು ಹಿಡಿಯಲಿ. ನೆಲ ಏರುತಗ್ಗು, ನಡುವೆ ಹಳ್ಳ. ಅದರ ಮೇಲೆ 12 ಮಿಲಿಮೀಟರ್ ಪ್ಲೈವುಡ್ಡಿನ ಎರಡು ತುಂಡು, ತಗ್ಗಿರುವಲ್ಲಿ ಕಾಲು, ಮೇಲೆ ತೆಳು ಹತ್ತಿ ಹಾಸಿಗೆ. ಮುಗಿಯಿತು. "ಬೋಲ್ಟ್ ಹಾಕ್ಬಿಡೋಣ ಮೇಡಂ, ಅಲ್ಲಾಡಲ್ಲ" ಅಂದ ಬಡಗಿ. ನಾನು ಒಪ್ಪಲಿಲ್ಲ. ಕಂಪನಿ ಕೊಟ್ಟ ಗಾಡಿಯ ರೂಪವನ್ನು ನಮ್ಮಿಷ್ಟಕ್ಕೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ. ಬಿಚ್ಚಿಡಬಹುದಾದ ಹಲಗೆ ಲಗೇಜಿನ ಲೆಕ್ಕ. ಆದರೆ ಓಡಿಸುವಾಗ ಬೆಲ್ಟಿನಿಂದ ಬಿಗಿಯಲೇಬೇಕು. ಬ್ರೇಕ್ ಹೊಡೆದರೆ ಅದು ಸೀದಾ ಬೆನ್ನಿಗೇ ಬರುತ್ತದೆ.

ಟ್ರೇಲರ್ ಕಟ್ಟಿಸು ಎನ್ನುವವರೂ ಇದ್ದಾರೆ. ಅಮೆರಿಕದಲ್ಲಿ 1930ರ ದಶಕದಿಂದಲೇ ಟಿಯರ್‌ಡ್ರಾಪ್ ಎಂಬ ಪುಟ್ಟ ಟ್ರೇಲರುಗಳಿವೆ: ಹನಿಯ ಆಕಾರ, ಒಳಗೆ ಹಾಸಿಗೆಯಷ್ಟೇ ಜಾಗ, ಹಿಂದಿನ ಮುಚ್ಚಳ ಎತ್ತಿದರೆ ಅಡುಗೆಕಟ್ಟೆ. 1947ರಲ್ಲಿ 'ಮೆಕಾನಿಕ್ಸ್ ಇಲಸ್ಟ್ರೇಟೆಡ್' ಪತ್ರಿಕೆ ನಕ್ಷೆ ಅಚ್ಚುಹಾಕಿತು, ಮನೆಯಲ್ಲೇ ಕಟ್ಟಿಕೊಳ್ಳುವವರಿಗೆ ಅನುಕೂಲವಾಯಿತು. ಹೆಚ್ಚಿನವು 8 ಅಡಿ ಉದ್ದ, 4 ಅಡಿ ಅಗಲ, ಪ್ಲೈವುಡ್ ಹಾಳೆಯದೇ ಅಳತೆ. ನೋಡಲು ಚೆಂದ. ನಮ್ಮಲ್ಲಾದರೋ ಟ್ರೇಲರಿಗೆ ಬೇರೆ ನೋಂದಣಿ ಬೇಕು, ಆಗುಂಬೆಯ 14 ತಿರುವುಗಳಲ್ಲಿ ಎಳೆಯಬೇಕು, ರಿವರ್ಸ್ ಹಾಕುವಾಗ ಹಿಂದೆ ನಿಂತು "ಬನ್ನಿ, ಬನ್ನಿ" ಅನ್ನಲು ಜೊತೆಗೆ ಯಾರೂ ಇರುವುದಿಲ್ಲ. ಇಬ್ಬರಿದ್ದರೆ ಯೋಚಿಸಿ.

ಮಲಗುವವರಿಗೆ ಹಾಸಿಗೆಗಿಂತ ಗಾಳಿ ಮುಖ್ಯ. ಗಾಜು ಪೂರ್ತಿ ಏರಿಸಿದರೆ ನಮ್ಮ ಉಸಿರಿನ ತೇವವೇ ತಣ್ಣನೆಯ ಗಾಜಿಗೆ ತಾಗಿ ನೀರಾಗಿ, ಬೆಳಗಿನ ಹೊತ್ತಿಗೆ ಹೊದಿಕೆಯೂ ತಂಪು. ಎದುರುಬದುರು ಕಿಟಕಿಗಳನ್ನು ಒಂದಂಗುಲ ಇಳಿಸಿ. ಡೋರ್ ವೈಸರ್ ಇದ್ದರೆ ಸಾಧಾರಣ ಮಳೆ ಒಳಬರುವುದಿಲ್ಲ. ಸೊಳ್ಳೆ ಪರದೆಯ ತುಂಡನ್ನು ಬಾಗಿಲಿನ ಕಬ್ಬಿಣಕ್ಕೆ ಮ್ಯಾಗ್ನೆಟ್ಟಿನಿಂದ ಅಂಟಿಸಿ. 5 ವಾಟಿನ ಯುಎಸ್‌ಬಿ ಫ್ಯಾನಿಗೆ 20,000 ಎಂಎಎಚ್ ಪವರ್ ಬ್ಯಾಂಕ್ ರಾತ್ರಿಯಿಡೀ ಸಾಕು: ಅದರಲ್ಲಿರುವುದು ಸುಮಾರು 74 ವಾಟ್ ಅವರ್, ಸೋರಿಕೆ ಕಳೆದರೂ ಹತ್ತು ಗಂಟೆ ತಿರುಗುತ್ತದೆ. ಎಂಜಿನ್ ಓಡಿಸಿ ಎಸಿಯಲ್ಲಿ ಮಲಗುವುದು, ಒಳಗೆ ಸ್ಟೋವ್ ಹಚ್ಚುವುದು ಎರಡೂ ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಎಚ್ಚರವಾಗುವುದೇ ಇಲ್ಲ.

ನಿಲ್ಲಿಸುವುದೆಲ್ಲಿ? ಶೌಚಾಲಯ ಚೊಕ್ಕಟವಿರುವ, ರಾತ್ರಿಯಿಡೀ ತೆರೆದಿರುವ ಪೆಟ್ರೋಲ್ ಬಂಕು ನನ್ನ ಮೊದಲ ಆಯ್ಕೆ, ಕೇಳಿಯೇ ನಿಲ್ಲಿಸುತ್ತೇನೆ. "ಜೊತೆಗೆ ಯಾರಿದಾರಮ್ಮ?" ಎಂದರೆ, "ಅಣ್ಣ ಹಿಂದಿನ ಗಾಡೀಲಿ ಬರ್ತಿದಾನೆ." ನನಗೆ ಅಣ್ಣನೇ ಇಲ್ಲ. ಮಲೆನಾಡಿನಲ್ಲಾದರೆ ಹೋಂಸ್ಟೇ ಅಂಗಳ: ರೂಮು ಬೇಡ, ಊಟ, ಸ್ನಾನದ ಬಿಸಿನೀರಿಗೆ ದುಡ್ಡು ಕೊಡ್ತೀನಿ ಎಂದರೆ ಒಪ್ಪುವವರು ಸಿಗುತ್ತಾರೆ. ಕಾಡಿನಂಚಿನಲ್ಲಿ ಮಾತ್ರ ಬೇಡ. ಬಂಡೀಪುರದ 766ನೇ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಆ ಕಡೆ ಹೊರಟವರು ಕತ್ತಲಾಗುವ ಮೊದಲೇ ಗುಂಡ್ಲುಪೇಟೆಯಲ್ಲಿ ಊಟ ಮುಗಿಸಿ ಜಾಗ ಹಿಡಿಯುವುದು ಒಳ್ಳೆಯದು.