ಗೋಡೆಗಳಿಲ್ಲದ ಶಾಲೆ

ಶಾಲೆಯೆಂದೊಡನೆ ನಮ್ಮ ಕಣ್ಣಮುಂದೆ ಮೂಡುವುದು ಒಂದು ಕಟ್ಟಡ, ಸಾಲಾದ ಕೊಠಡಿಗಳು, ಕರಿಹಲಗೆ ಮತ್ತು ಗಂಟೆ. ಇವು ಯಾವುವೂ ಇಲ್ಲದೆ ಶಾಲೆ ನಡೆಯಬಲ್ಲುದೇ? ಅಮೆರಿಕದ ಫಿಲಡೆಲ್ಫಿಯಾ ನಗರವು 1969ರಲ್ಲಿ ಈ ಪ್ರಶ್ನೆಗೆ ಕಾರ್ಯರೂಪದಲ್ಲಿಯೇ ಉತ್ತರವಿತ್ತಿತು.

ಆ ನಗರದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಪಾರ್ಕ್‌ವೇ ಎಂಬ ವಿಶಾಲವಾದ ರಾಜಬೀದಿಯಿದೆ. ಕಲಾ ವಸ್ತುಸಂಗ್ರಹಾಲಯ, ವಿಜ್ಞಾನ ಸಂಸ್ಥೆ, ಗ್ರಂಥಾಲಯ ಮೊದಲಾದವು ಈ ಬೀದಿಯಲ್ಲಿಯೇ ಇವೆ. ಇಷ್ಟೊಂದು ಜ್ಞಾನಭಂಡಾರಗಳು ಕೈಗೆಟುಕುವಂತಿರುವಾಗ ಅವುಗಳನ್ನೇ ತರಗತಿಗಳನ್ನಾಗಿ ಏಕೆ ಮಾಡಬಾರದು ಎಂಬ ಆಲೋಚನೆಯಿಂದ 'ಪಾರ್ಕ್‌ವೇ ಯೋಜನೆ' ಜನ್ಮತಾಳಿತು. ಜಾನ್ ಬ್ರೆಮರ್ ಎಂಬ ಶಿಕ್ಷಣತಜ್ಞರು ಅದರ ಮೊದಲ ನಿರ್ದೇಶಕರಾದರು. ಫೆಬ್ರವರಿಯಲ್ಲಿ 143 ವಿದ್ಯಾರ್ಥಿಗಳೊಡನೆ ಶಾಲೆ ಆರಂಭವಾಯಿತು. ಅವರನ್ನು ಅಂಕಗಳ ಆಧಾರದಿಂದ ಆರಿಸಲಿಲ್ಲ. ಚೀಟಿ ಎತ್ತಿ ಆರಿಸಲಾಯಿತು. ಇದರಿಂದ ಬಡವ-ಬಲ್ಲಿದ, ಕಪ್ಪು-ಬಿಳಿಯರೆಂಬ ಭೇದವಿಲ್ಲದೆ ನಗರದ ಎಲ್ಲ ವಲಯಗಳ ಮಕ್ಕಳಿಗೂ ಅವಕಾಶ ದೊರೆಯಿತು.

ಇಲ್ಲಿಯ ಕಲಿಕೆಯ ಕ್ರಮ ವಿಶಿಷ್ಟವಾದುದು. ಚಿತ್ರಕಲೆಯ ಪಾಠ ವಸ್ತುಸಂಗ್ರಹಾಲಯದಲ್ಲಿ, ಜೀವಶಾಸ್ತ್ರದ ಪಾಠ ಮೃಗಾಲಯದಲ್ಲಿ. ಪತ್ರಿಕೋದ್ಯಮವನ್ನು ಕಲಿಯಬೇಕಾದರೆ ಪತ್ರಿಕಾಲಯಕ್ಕೆ, ಯಂತ್ರಗಳ ದುರಸ್ತಿಯನ್ನು ಕಲಿಯಬೇಕಾದರೆ ಗ್ಯಾರೇಜಿಗೆ ಹೋಗಬೇಕು. ಹೀಗೆ ವರ್ತಕರು, ಕುಶಲಕರ್ಮಿಗಳು, ಅಧಿಕಾರಿಗಳು ಸಹ ಗುರುಗಳಾದರು. ಹಾಗೆಂದು ಅಧ್ಯಾಪಕರ ಸ್ಥಾನವೇನೂ ಕುಂದಲಿಲ್ಲ. ಸುಮಾರು ಹದಿನೈದು ವಿದ್ಯಾರ್ಥಿಗಳ ಸಣ್ಣ ಗುಂಪುಗಳಲ್ಲಿ ಅವರು ಭಾಷೆ ಮತ್ತು ಗಣಿತಗಳ ತಳಹದಿಯನ್ನು ಭದ್ರಪಡಿಸುತ್ತಿದ್ದರು. ಪ್ರತಿಯೊಬ್ಬನ ಪ್ರಗತಿಯನ್ನು ಅಂಕಗಳ ಬದಲು ಬರಹದಲ್ಲಿ ವಿವರಿಸುತ್ತಿದ್ದರು.

ಗೋಡೆಗಳಿಲ್ಲವೆಂದರೆ ಶಿಸ್ತೂ ಇಲ್ಲವೆಂದಲ್ಲ. ಒಂದು ತರಗತಿಯಿಂದ ಇನ್ನೊಂದಕ್ಕೆ ಹೋಗಲು ನಗರದ ಬೀದಿಗಳನ್ನೇ ದಾಟಬೇಕಾಗಿದ್ದ ವಿದ್ಯಾರ್ಥಿಗೆ ಸಮಯಪಾಲನೆಯನ್ನು ನೆನಪಿಸಲು ಗಂಟೆಯಿರಲಿಲ್ಲ. ತನ್ನ ಕಲಿಕೆಯ ಹೊಣೆಯನ್ನು ತಾನೇ ಹೊರಬೇಕಾಗಿತ್ತು. ಕೆಲಸದ ನಡುವೆ ಬಿಡುವು ಮಾಡಿಕೊಂಡು ಕಲಿಸುವವನ ವೇಳೆಗೂ ಬೆಲೆಯಿದೆಯೆಂಬುದನ್ನು ಅರಿಯಬೇಕಾಗಿತ್ತು. ಸ್ವಾತಂತ್ರ್ಯ ಹೆಚ್ಚಿದಷ್ಟೂ ಹೊಣೆಗಾರಿಕೆ ಹೆಚ್ಚುತ್ತದೆಂಬ ಪಾಠ ಯಾವ ಪಠ್ಯಪುಸ್ತಕಕ್ಕಿಂತಲೂ ಸ್ಪಷ್ಟವಾಗಿ ಇಲ್ಲಿ ದೊರೆಯಿತು.

ಈ ಪ್ರಯೋಗದ ಪ್ರಭಾವ ಬೇರೆ ನಗರಗಳಿಗೂ ಹಬ್ಬಿತು. ಷಿಕಾಗೋ ನಗರದಲ್ಲಿ 1970ರಲ್ಲಿಯೂ ವಾಷಿಂಗ್ಟನ್ನಿನಲ್ಲಿ 1971ರಲ್ಲಿಯೂ ಇಂತಹ ಶಾಲೆಗಳು ಆರಂಭವಾದವು. ಕಾಲಕ್ರಮದಲ್ಲಿ ಪಾರ್ಕ್‌ವೇ ಶಾಲೆಯೂ ಕಟ್ಟಡಗಳಲ್ಲಿ ನೆಲೆಸಿತು. ಆದರೂ ಅದು ಎತ್ತಿ ತೋರಿದ ತತ್ತ್ವ ಹಳೆಯದಾಗಿಲ್ಲ. ನಾವು ದಿನವೂ ದಾಟಿಹೋಗುವ ಬಡಗಿಯ ಅಂಗಡಿ, ಮುದ್ರಣಾಲಯ, ಅಂಚೆ ಕಚೇರಿಗಳಲ್ಲಿ ಬಲ್ಲವರಿದ್ದಾರೆ. ವಿನಯದಿಂದ ಕೇಳುವವನಿಗೆ ಊರೆಲ್ಲವೂ ಪಾಠಶಾಲೆಯೇ.